ಟಿಕೆಟ್ಟಿನ ಬದಲು ಒಂದು ಡಬ್ಬಿ: ಲಾ ಕ್ರಾಸ್ ಊರಿನ ಡಿಸೆಂಬರ್ ದೀಪ ನೋಡಲು ಸಮಗ್ರ ಮಾರ್ಗದರ್ಶಿ

ಅಮೆರಿಕದ ಮಿಡ್‌ವೆಸ್ಟ್ ಕಡೆ ಡಿಸೆಂಬರ್ ಬಂತೆಂದರೆ ಊರಿಗೊಂದು ದೀಪದ ತೋಟ ಏಳುತ್ತದೆ. ಎಷ್ಟೋ ಕಡೆ ಕಾರಿಗಿಷ್ಟು ಡಾಲರ್ ಎಂದು ಕೊಟ್ಟು, ಕಿಟಕಿ ಏರಿಸಿಕೊಂಡೇ ಒಂದು ಸುತ್ತು ಹಾಕಿ, ಹಿಂದಿನ ಸೀಟಿನ ಮಕ್ಕಳು ನಿದ್ದೆ ಹೋಗುವಷ್ಟರಲ್ಲಿ ಮನೆ ಸೇರುತ್ತೇವೆ. ವಿಸ್ಕಾನ್ಸಿನ್ ರಾಜ್ಯದ ಪಶ್ಚಿಮದಂಚಿನಲ್ಲಿ, ಮಿಸಿಸಿಪ್ಪಿ ದಡದಲ್ಲಿರುವ ಲಾ ಕ್ರಾಸ್ ಊರಿನ ರೀತಿಯೇ ಬೇರೆ. ಇಲ್ಲಿ ಟಿಕೆಟ್ ಇಲ್ಲ. ಕೆಡದ ಆಹಾರದ ಒಂದೆರಡು ಡಬ್ಬಿ ಕೊಟ್ಟು ಒಳಗೆ ಹೋಗುವುದು ವಾಡಿಕೆ. ಬೇಕಾದರೆ ಕಾರಿನಲ್ಲೇ ಸುತ್ತಬಹುದು, ಬೇಕಾದರೆ ಇಳಿದು ನಡೆಯಬಹುದು. ನನ್ನ ಸಲಹೆ ಈಗಲೇ ಹೇಳಿಬಿಡುತ್ತೇನೆ: ಇಳಿಯಿರಿ. ಮುಂದಿನದೆಲ್ಲ ಆ ಚಳಿಯಲ್ಲಿ ಇಳಿದು ನಡೆಯಲು ಬೇಕಾದ ತಯಾರಿ.

ಊರು ದೊಡ್ಡದಲ್ಲ. 2020ರ ಜನಗಣತಿಯಲ್ಲಿ 52 ಸಾವಿರ ಚಿಲ್ಲರೆ ಜನ. ಹೋ-ಚಂಕ್ ಮೂಲನಿವಾಸಿಗಳು ಕೋಲು ಚೆಂಡು ಹಿಡಿದು ಆಡುತ್ತಿದ್ದ ಆಟವನ್ನು ನೋಡಿದ ಫ್ರೆಂಚ್ ವ್ಯಾಪಾರಿಗಳು ಈ ಜಾಗಕ್ಕೆ ಇಟ್ಟ ಹೆಸರು ಇದು; ಆಡುವ ಕೋಲಿಗೆ ಅವರು "ಕ್ರಾಸ್" ಎನ್ನುತ್ತಿದ್ದರು. ಏರ್ ಕಂಡೀಷನರ್ ಮಾಡುವ ಟ್ರೇನ್ ಕಂಪನಿ ಹುಟ್ಟಿದ್ದು ಇಲ್ಲಿಯೇ. ಅದರ ಎಂಜಿನಿಯರಿಂಗ್ ಕೇಂದ್ರವೊಂದು ಬೆಂಗಳೂರಿನಲ್ಲಿರುವುದರಿಂದ "ಲಾ ಕ್ರಾಸಾ? ಕೆಲಸದ ಮೇಲೆ ಹೋಗಿದ್ದೆ" ಎನ್ನುವ ಕನ್ನಡಿಗರು ಆಗಾಗ ಸಿಗುತ್ತಾರೆ. ಎರಡು ದೊಡ್ಡ ಆಸ್ಪತ್ರೆಗಳಿರುವ ಊರಾದ್ದರಿಂದ ನಮ್ಮ ಕಡೆಯ ಡಾಕ್ಟರುಗಳಿಗೂ ಅಪರಿಚಿತವಲ್ಲ.

ಹಂತ 1: ದಿನ ಗೊತ್ತುಮಾಡಿಕೊಳ್ಳಿ

ದೀಪೋತ್ಸವದ ಹೆಸರು ರೋಟರಿ ಲೈಟ್ಸ್. 1995ರಿಂದ ನಡೆಯುತ್ತಿದೆ. ಜಾಗ ಡೌನ್‌ಟೌನ್‌ಗೆ ಅಂಟಿಕೊಂಡಂತಿರುವ ರಿವರ್‌ಸೈಡ್ ಪಾರ್ಕ್. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಮರುದಿನ, ಅಂದರೆ ನವೆಂಬರ್ ಕೊನೆಯ ಹೊತ್ತಿನ ಶುಕ್ರವಾರ ಶುರುವಾಗಿ ಡಿಸೆಂಬರ್ 31ರ ತನಕ, ದಿನಾ ಸಂಜೆ 5ಕ್ಕೆ ದೀಪ ಹತ್ತುತ್ತದೆ. ದೀಪಗಳ ಲೆಕ್ಕ 30 ಲಕ್ಷದ ಮೇಲೆ.

ಮೊದಲ ರಾತ್ರಿಗೆ ಹೋಗಬೇಡಿ ಎನ್ನುವುದು ನನ್ನ ಖಡಕ್ ಮಾತು. ಊರಿಗೆ ಊರೇ ಅಲ್ಲಿರುತ್ತದೆ, ಕಾರು ನಿಲ್ಲಿಸಲು ಸುತ್ತಿ ಸುತ್ತಿ ಸಾಕಾಗುತ್ತದೆ. ಕ್ರಿಸ್‌ಮಸ್‌ಗೆ ಹಿಂದಿನ ಎರಡು ಶನಿವಾರಗಳೂ ಹಾಗೆಯೇ. ಡಿಸೆಂಬರ್ ಮೊದಲ ಎರಡು ವಾರಗಳ ಮಂಗಳವಾರ, ಬುಧವಾರ ಉತ್ತಮ. ಅದರಲ್ಲೂ ಹಿಂದಿನ ದಿನ ಮಂಜು ಬಿದ್ದು, ಈ ದಿನ ಆಕಾಶ ತಿಳಿಯಾಗಿದ್ದರೆ ರಜೆ ಹಾಕಿಯಾದರೂ ಹೊರಡಿ. ಬರಿಯ ಹುಲ್ಲಿನ ಮೇಲೆ ಕಾಣುವ ದೀಪವೇ ಬೇರೆ, ಹೊಸ ಮಂಜಿನ ಮೇಲೆ ಬಣ್ಣ ಚೆಲ್ಲಿಕೊಂಡ ದೀಪವೇ ಬೇರೆ.

ದಿನ ಆರಿಸುವಾಗ ಇನ್ನೆರಡು ಸಂಗತಿ ನೋಡಿಕೊಳ್ಳಿ. ಒಂದು, ರೈಲು ಕಂಪನಿಯ ಹಾಲಿಡೇ ಟ್ರೇನ್. ಮೈತುಂಬ ದೀಪ ಉಟ್ಟ ಗೂಡ್ಸ್ ರೈಲು 1999ರಿಂದ ಕೆನಡಾ ಮತ್ತು ಅಮೆರಿಕದ ಊರೂರು ಸುತ್ತುತ್ತದೆ. ಈಗ ಅದನ್ನು ಓಡಿಸುವ ಕಂಪನಿ ಸಿಪಿಕೆಸಿ, ಅಂದರೆ ಕೆನೆಡಿಯನ್ ಪೆಸಿಫಿಕ್ ಕ್ಯಾನ್ಸಸ್ ಸಿಟಿ. ನಿಂತ ಊರಿನಲ್ಲಿ ಒಂದು ಬೋಗಿಯ ಪಕ್ಕದ ಬಾಗಿಲು ತೆರೆದುಕೊಂಡು ವೇದಿಕೆಯಾಗುತ್ತದೆ, ಅರ್ಧ ಗಂಟೆ ಹಾಡು, ಮತ್ತೆ ಹೊರಟಿತು. ಅಲ್ಲಿಯೂ ಸಂಗ್ರಹಿಸುವುದು ಆಹಾರವನ್ನೇ. ಡಿಸೆಂಬರ್‌ನಲ್ಲಿ ಲಾ ಕ್ರಾಸ್‌ಗೂ ಸಾಮಾನ್ಯವಾಗಿ ಬರುತ್ತದೆ. ಆ ವರ್ಷದ ವೇಳಾಪಟ್ಟಿ ನೋಡಿ ಎರಡನ್ನೂ ಒಂದೇ ಸಂಜೆಗೆ ಕೂಡಿಸಲು ಆಗುತ್ತದೆಯೇ ಲೆಕ್ಕ ಹಾಕಿ. ಇನ್ನೊಂದು, ಹೊಸ ವರ್ಷದ ಹಿಂದಿನ ರಾತ್ರಿ ಗ್ರ್ಯಾಂಡ್‌ಡ್ಯಾಡ್ ಬ್ಲಫ್ ಗುಡ್ಡದ ಮೇಲಿಂದ ಹಾರಿಸುವ ಬಾಣಬಿರುಸು. ಅದಕ್ಕೆ ಮಧ್ಯರಾತ್ರಿಯ ತನಕ ಎಚ್ಚರವಿರಬೇಕು. ಚಿಕ್ಕ ಮಕ್ಕಳಿದ್ದರೆ ಆ ಆಸೆ ಬಿಡಿ.

ಹಂತ 2: ದಾರಿ

ಕಾರಿನಲ್ಲಾದರೆ ಮಿನಿಯಾಪೊಲಿಸ್ ಅಥವಾ ಮ್ಯಾಡಿಸನ್‌ನಿಂದ ಎರಡೂವರೆ ಗಂಟೆ ಹಿಡಿಯಿರಿ, ಮಿಲ್ವಾಕಿಯಿಂದ ಮೂರೂ ಕಾಲು, ಶಿಕಾಗೊದಿಂದ ನಾಲ್ಕೂವರೆ. ಮಂಜು ಸುರಿಯುತ್ತಿದ್ದರೆ ಈ ಲೆಕ್ಕ ಮರೆತುಬಿಡಿ. ಟ್ಯಾಂಕ್ ಅರ್ಧಕ್ಕಿಂತ ಕೆಳಗಿಳಿಯದಂತೆ ನೋಡಿಕೊಳ್ಳಿ. ಡಿಕ್ಕಿಯಲ್ಲಿ ಒಂದು ಕಂಬಳಿ, ಗಾಜಿನ ಮೇಲಿನ ಹೆಪ್ಪು ಕೆರೆಯುವ ಸಲಕರಣೆ, ಹೆಪ್ಪುಗಟ್ಟದ ಗಾಜು ತೊಳೆಯುವ ದ್ರವ ಇರಲಿ. ದಾರಿಯಲ್ಲಿ ಕ್ವಿಕ್ ಟ್ರಿಪ್ ಪೆಟ್ರೋಲ್ ಬಂಕ್ ಕಂಡರೆ ಮುಲಾಜಿಲ್ಲದೆ ನಿಲ್ಲಿಸಿ. ಆ ಕಂಪನಿಯ ಮುಖ್ಯ ಕಚೇರಿ ಲಾ ಕ್ರಾಸ್‌ನಲ್ಲೇ ಇದೆ. ಅಪ್ಪ-ಅಮ್ಮನನ್ನು ಕರೆದುಕೊಂಡು ಈ ದೇಶದಲ್ಲಿ ಕಾರಿನಲ್ಲಿ ತಿರುಗಿದವರಿಗೆ ಶುಚಿಯಾದ ಶೌಚಾಲಯ, ಬಿಸಿ ಕಾಫಿ, ಬಾಳೆಹಣ್ಣು ಒಂದೇ ಕಡೆ ಸಿಗುವುದರ ಬೆಲೆ ಗೊತ್ತಿರುತ್ತದೆ.

ರೈಲಿನ ದಾರಿ ಇನ್ನೂ ಚೆಂದ. 2024ರ ಮೇ ತಿಂಗಳಿಂದ ಅಮೆರಿಕದ ಪ್ರಯಾಣಿಕ ರೈಲು ಸಂಸ್ಥೆ ಆಮ್‌ಟ್ರ್ಯಾಕ್‌ನ ಬೊರಿಯಾಲಿಸ್ ರೈಲು ಶಿಕಾಗೊ ಮತ್ತು ಸೇಂಟ್ ಪಾಲ್ ನಡುವೆ ದಿನಕ್ಕೊಂದು ಸಲ ಹೋಗಿಬರುತ್ತಿದೆ. ಬೆಳಿಗ್ಗೆ 11ರ ಸುಮಾರಿಗೆ ಶಿಕಾಗೊ ಬಿಟ್ಟರೆ ಸಂಜೆ 4ರ ಆಸುಪಾಸಿಗೆ ಲಾ ಕ್ರಾಸ್, ಸರಿಯಾಗಿ ಹೊತ್ತು ಮುಳುಗುವ ಸಮಯಕ್ಕೆ. ನಿಲ್ದಾಣ ಊರಿನ ಉತ್ತರ ಭಾಗದಲ್ಲಿದೆ. ಪಾರ್ಕಿಗೆ ನಡೆದು ಹೋಗುತ್ತೇನೆ ಎಂಬ ಹುಮ್ಮಸ್ಸು ಬೇಡ, ಟ್ಯಾಕ್ಸಿ ಮಾಡಿ. ಮರಳಿ ಹೋಗುವ ರೈಲು ಮರುದಿನ ಮಧ್ಯಾಹ್ನ, ಹಾಗಾಗಿ ಒಂದು ರಾತ್ರಿ ತಂಗಲೇಬೇಕು. ಪಾರ್ಕಿನಿಂದ ನಾಲ್ಕು ಹೆಜ್ಜೆಯ ದೂರದಲ್ಲೇ ಹೋಟೆಲುಗಳಿವೆ, 1898ರ ಹಳೆಯ ಕ್ಯಾಂಡಿ ಕಾರ್ಖಾನೆಯನ್ನು ಹೋಟೆಲ್ ಮಾಡಿರುವ ಚಾರ್ಮಾಂಟ್ ಕೂಡ. ದುಬಾರಿಯಾದರೂ ಹತ್ತಿರದ ಹೋಟೆಲ್ಲೇ ಒಳ್ಳೆಯದು. ಕಾಲು ಮರಗಟ್ಟಿದಾಗ ರೂಮಿಗೆ ಹೋಗಿ ಹತ್ತು ನಿಮಿಷ ಕೂತು ಮತ್ತೆ ಬರಬಹುದು.

ಹಂತ 3: ಉಡುಪು

ಇಲ್ಲಿ ನಮ್ಮವರು ಎಡವುತ್ತಾರೆ. ನಾನೂ ಎಡವಿದ್ದೇನೆ. ಮೊದಲ ವರ್ಷ ಜೀನ್ಸ್ ಪ್ಯಾಂಟು, ಕ್ಯಾನ್ವಾಸ್ ಶೂ, ಮೇಲೊಂದು ದಪ್ಪ ಜಾಕೆಟ್ ಹಾಕಿಕೊಂಡು ಹೋಗಿ, ಹದಿನೈದು ನಿಮಿಷಕ್ಕೆ ಕಾಲ್ಬೆರಳುಗಳ ಸುದ್ದಿಯೇ ಇಲ್ಲದಂತಾಗಿ ಓಡಿ ಬಂದೆ.

ಡಿಸೆಂಬರ್ ರಾತ್ರಿ ಸೊನ್ನೆಗಿಂತ 10 ಡಿಗ್ರಿ ಸೆಲ್ಸಿಯಸ್ ಕೆಳಗೆ ಇಳಿಯುವುದು ಇಲ್ಲಿ ಮಾಮೂಲು. ಅದಕ್ಕಿಂತ ಮುಖ್ಯವಾದದ್ದು ನದಿಯ ಗಾಳಿ. ಪಾರ್ಕಿನ ಒಂದು ಬದಿ ಪೂರಾ ಮಿಸಿಸಿಪ್ಪಿ. ಬ್ಲ್ಯಾಕ್ ನದಿ, ಲಾ ಕ್ರಾಸ್ ನದಿ ಬಂದು ಅದನ್ನು ಸೇರುವುದೂ ಇಲ್ಲೇ. ಆದ್ದರಿಂದ ಹವಾಮಾನ ನೋಡುವಾಗ ಬರಿಯ ಉಷ್ಣಾಂಶ ನೋಡದೆ ವಿಂಡ್ ಚಿಲ್ ಎಂದು ಕೊಟ್ಟಿರುವ ಅಂಕಿ, ಅಂದರೆ ಗಾಳಿಯೂ ಸೇರಿ ಮೈಗೆ ತಟ್ಟುವ ಚಳಿಯ ಲೆಕ್ಕ ನೋಡಿ.

ಮೈಗೆ ಅಂಟುವ ಥರ್ಮಲ್ ಒಳಉಡುಪು, ಅದರ ಮೇಲೆ ಉಣ್ಣೆ ಅಥವಾ ಫ್ಲೀಸ್, ಅದರ ಮೇಲೆ ಗಾಳಿ ತಡೆಯುವ ಕೋಟು. ಮೂರು ಪದರ. ಕಾಲಿಗೆ ಹತ್ತಿಯ ಕಾಲುಚೀಲ ಬೇಡ; ಬೆವರು ಹೀರಿ ಒದ್ದೆಯಾಗಿ ಅದೇ ಕೊರೆಯತೊಡಗುತ್ತದೆ. ಉಣ್ಣೆಯದು ಒಂದೇ ಜೊತೆ ಸಾಕು. ಎರಡು ಜೊತೆ ತುರುಕಿದರೆ ಶೂ ಬಿಗಿಯಾಗಿ ರಕ್ತವೇ ಓಡದೆ ಇನ್ನಷ್ಟು ಚಳಿ. ಐದು ಬೆರಳಿನ ಕೈಗವಸಿಗಿಂತ ಬೆರಳೆಲ್ಲ ಒಟ್ಟಿಗಿರುವ ಮಿಟನ್ ಬೆಚ್ಚಗೆ. ಊರಿಂದ ಬಂದ ಹಿರಿಯರ ಬಳಿ ಮಂಕಿ ಕ್ಯಾಪ್ ಇದ್ದೇ ಇರುತ್ತದೆ. ಅದನ್ನು ನೋಡಿ ನಗುವ ನಾವೇ ಮೂರ್ಖರು. ಕಿವಿ, ಕೆನ್ನೆ, ಕತ್ತು ಮೂರನ್ನೂ ಮುಚ್ಚುವ ಅಂಥ ಟೋಪಿಗೆ ಇಲ್ಲಿನ ಅಂಗಡಿಗಳಲ್ಲಿ ಒಳ್ಳೆಯ ದುಡ್ಡು ತೆಗೆದುಕೊಳ್ಳುತ್ತಾರೆ.

ಅಮ್ಮ ಸೀರೆ ಬಿಡುವುದಿಲ್ಲ ಎಂದರೆ ಬಿಡಿಸಬೇಡಿ. ಒಳಗೆ ದಪ್ಪ ಥರ್ಮಲ್ ಪ್ಯಾಂಟು, ಮೇಲೆ ಮೊಣಕಾಲು ದಾಟುವ ಕೋಟು, ಕಾಲಿಗೆ ಬೂಟು. ಸೀರೆಯನ್ನು ಸ್ವಲ್ಪ ಮೇಲೆತ್ತಿ ಉಟ್ಟರೆ ಅಂಚು ಮಂಜಿನಲ್ಲಿ ಒದ್ದೆಯಾಗುವುದಿಲ್ಲ. ಚಳಿಗಿಂತ ನನಗೆ ಭಯವಿರುವುದು ಜಾರುವುದರ ಬಗ್ಗೆ. ಕಣ್ಣಿಗೆ ಕಾಣದಂತೆ ಕಾಲುದಾರಿಯ ಮೇಲೆ ತೆಳ್ಳಗೆ ಹೆಪ್ಪುಗಟ್ಟಿದ ಮಂಜುಗಡ್ಡೆ ಅರವತ್ತು ದಾಟಿದವರ ಸೊಂಟಕ್ಕೆ ಶತ್ರು. ಶೂ ಮೇಲೆಯೇ ಎಳೆದು ಹಾಕಿಕೊಳ್ಳುವ ರಬ್ಬರ್ ಹಲ್ಲಿನ ಪಟ್ಟಿಗಳು ಸಿಗುತ್ತವೆ, ಹಿರಿಯರಿಗೆ ಒಂದೊಂದು ಜೊತೆ ತೆಗೆದಿಡಿ.

ಮಕ್ಕಳ ವಿಷಯಕ್ಕೆ ಒಂದು ಎಚ್ಚರಿಕೆ. ಉಬ್ಬಿದ ಜಾಕೆಟ್ ಹಾಕಿಸಿ ಕಾರ್ ಸೀಟಿನ ಬೆಲ್ಟ್ ಬಿಗಿಯಬೇಡಿ. ಬೆಲ್ಟ್ ಬಿಗಿಯಾಗಿದೆ ಅನ್ನಿಸುತ್ತದೆ, ಅಪಘಾತದಲ್ಲಿ ಜಾಕೆಟ್ ಕುಗ್ಗಿ ಮಗು ಸಡಿಲವಾಗುತ್ತದೆ. ಬೆಲ್ಟ್ ಹಾಕಿ, ಮೇಲೆ ಕಂಬಳಿ ಹೊದಿಸಿ. ಜಾಕೆಟ್ ಇಳಿಯುವಾಗ ಹಾಕಿದರೆ ಸಾಕು.

ಹಂತ 4: ಡಬ್ಬಿ

ಇಷ್ಟೆಲ್ಲ ದೀಪದ ಹಿಂದಿರುವ ಉದ್ದೇಶವೇ ಇದು. ಗೇಟಿನಲ್ಲಿ ನಿಂತ ಸ್ವಯಂಸೇವಕರು ಪಡೆಯುವ ಆಹಾರ ಸುತ್ತಮುತ್ತಲಿನ ಫುಡ್ ಪ್ಯಾಂಟ್ರಿಗಳಿಗೆ, ಅಂದರೆ ಕಷ್ಟದಲ್ಲಿರುವ ಮನೆಗಳಿಗೆ ದಿನಸಿ ಹಂಚುವ ಕೇಂದ್ರಗಳಿಗೆ ಹೋಗುತ್ತದೆ. ದುಡ್ಡು ಕೊಟ್ಟರೂ ತೆಗೆದುಕೊಳ್ಳುತ್ತಾರೆ. ಆದರೆ ಮಕ್ಕಳ ಕೈಯಲ್ಲಿ ಡಬ್ಬಿ ಕೊಡಿಸಿ ನೋಡಿ, ಅದರ ಸೊಗಸೇ ಬೇರೆ. ಎಷ್ಟು ಎಂಬ ಲೆಕ್ಕ ಕೇಳುವವರಿಲ್ಲ. ತಲೆಗೆ ಎರಡರಂತೆ ಒಯ್ಯುವುದು ನಮ್ಮ ಮನೆಯ ಪದ್ಧತಿ.

ಏನು ಒಯ್ಯಬೇಕು ಎಂಬುದಕ್ಕೆ ಸ್ವಲ್ಪ ತಲೆ ಖರ್ಚು ಮಾಡಿ. ಕಪಾಟಿನ ಮೂಲೆಯಲ್ಲಿ ಅವಧಿ ಮುಗಿಯಲು ಬಂದದ್ದನ್ನು ಸಾಗಹಾಕುವ ಜಾಗ ಇದಲ್ಲ. ಗಾಜಿನ ಬಾಟಲಿ ಬೇಡ, ಒಡೆದರೆ ಇಡೀ ಪೆಟ್ಟಿಗೆ ಹಾಳು. ತೊಗರಿಬೇಳೆ ಒಳ್ಳೆಯ ಆಹಾರವೇ, ಆದರೆ ಪಡೆಯುವವರ ಮನೆಯಲ್ಲಿ ಕುಕ್ಕರ್ ಇರಲಿಕ್ಕಿಲ್ಲ, ಬೇಯಿಸುವುದು ಹೇಗೆ ಎಂದೂ ತಿಳಿದಿರಲಿಕ್ಕಿಲ್ಲ. ನಾವು ಪ್ರೀತಿಯಿಂದ ಕೊಟ್ಟದ್ದು ಕಪಾಟಿನಲ್ಲೇ ಉಳಿಯುತ್ತದೆ. ಪೀನಟ್ ಬಟರ್, ಡಬ್ಬಿಯ ಬೀನ್ಸ್, ಪಾಸ್ತಾ, ಸೀರಿಯಲ್, ಅಕ್ಕಿ, ಡಬ್ಬಿಯ ಹಣ್ಣು, ಇವು ಯಾರ ಮನೆಯಲ್ಲಾದರೂ ಖರ್ಚಾಗುತ್ತವೆ. ಮುಚ್ಚಳ ಎಳೆದು ತೆರೆಯುವಂಥ ಡಬ್ಬಿಯಾದರೆ ಇನ್ನೂ ಒಳ್ಳೆಯದು. ಕ್ಯಾನ್ ಓಪನರ್ ಇಲ್ಲದವರೂ ಇರುತ್ತಾರೆ.

ಸಸ್ಯಾಹಾರಿಗಳಿಗೆ ಇಲ್ಲೊಂದು ಧರ್ಮಸಂಕಟ ಬರುತ್ತದೆ. ಇಂಥ ಕಡೆ ಸಾಮಾನ್ಯವಾಗಿ ಬೇಕೆನ್ನುವುದು ಟ್ಯೂನಾ ಮೀನಿನ ಡಬ್ಬಿ. ಅಂಗಡಿಯಲ್ಲಿ ನಾನು ನಾಲ್ಕು ಡಬ್ಬಿ ಗಾಡಿಗೆ ಹಾಕಿದ್ದೆ. ಅಮ್ಮ ಒಂದನ್ನು ಎತ್ತಿ, ಮೇಲಿದ್ದ ಮೀನಿನ ಚಿತ್ರ ನೋಡಿ, "ನಾವು ತಿನ್ನದ್ದನ್ನ ದಾನ ಅಂತ ಕೊಡೋದು ಹ್ಯಾಗೋ?" ಎಂದರು. ತಿನ್ನುವವರಿಗಲ್ಲವೇ ಕೊಡುವುದು ಎಂದು ನಾನು ವಾದಕ್ಕಿಳಿದೆ. ಅಷ್ಟರಲ್ಲಿ ಅಪ್ಪ ಎದುರಿನ ಸಾಲಿನಿಂದ ಬೇಯಿಸಿದ ಕಾಬೂಲಿ ಕಡಲೆಯ ಡಬ್ಬಿಗಳನ್ನು ತಂದು ಗಾಡಿಗಿಟ್ಟು ಜಗಳ ಮುಗಿಸಿದರು. ಅಂದಿನಿಂದ ನಮ್ಮ ಮನೆಯ ಟಿಕೆಟ್ ಕಾಬೂಲಿ ಕಡಲೆ.

ಹಂತ 5: ಹಗಲನ್ನು ಖರ್ಚು ಮಾಡುವ ಬಗೆ

ಡಿಸೆಂಬರ್‌ನಲ್ಲಿ ಇಲ್ಲಿ ಸಂಜೆ 4:30ರ ಸುಮಾರಿಗೆ ಹೊತ್ತು ಮುಳುಗುತ್ತದೆ. ಅಷ್ಟರೊಳಗೆ ಮೂರು ಜಾಗ ಮುಗಿಸಬಹುದು, ಅದಕ್ಕೆ ಮಧ್ಯಾಹ್ನ 1ಕ್ಕಾದರೂ ಊರಲ್ಲಿರಬೇಕು.

ಮೊದಲಿಗೆ ಮೂರನೇ ರಸ್ತೆಯ ಮದ್ಯದ ಕಾರ್ಖಾನೆಯ ಎದುರು ಐದೇ ನಿಮಿಷ. ಬಿಯರ್ ಕ್ಯಾನುಗಳಂತೆ ಕಾಣುವ ಆರು ದೈತ್ಯ ತೊಟ್ಟಿಗಳು ಇಲ್ಲಿವೆ. ಜಗತ್ತಿನ ಅತಿ ದೊಡ್ಡ ಸಿಕ್ಸ್ ಪ್ಯಾಕ್ (ಆರು ಕ್ಯಾನಿನ ಕಟ್ಟು) ಎಂದೇ ಹೆಸರು. 22,200 ಬ್ಯಾರೆಲ್ ಹಿಡಿಯುತ್ತದೆ, ಅಂದರೆ 73 ಲಕ್ಷಕ್ಕೂ ಹೆಚ್ಚು ಕ್ಯಾನು. ದಿನಕ್ಕೆ ಆರು ಕ್ಯಾನಿನಂತೆ ಒಬ್ಬನೇ ಕುಡಿದರೆ 3,351 ವರ್ಷಕ್ಕೆ ಸಾಕು ಎಂಬ ಲೆಕ್ಕವೂ ಇದೆ. ಯಾರಿಗೆ ಉಪಯೋಗವೋ ಗೊತ್ತಿಲ್ಲ, ಗುಣಾಕಾರ ಮಾತ್ರ ಸರಿಯಾಗಿದೆ, ನಾನು ಕೂಡಿಸಿ ನೋಡಿದ್ದೇನೆ.

ಆಮೇಲೆ ಸೇಂಟ್ ರೋಸ್ ಕಾನ್ವೆಂಟಿನ ಮೇರಿ ಆಫ್ ದ ಏಂಜಲ್ಸ್ ಪ್ರಾರ್ಥನಾ ಮಂದಿರ. ಇಲ್ಲಿನ ಫ್ರಾನ್ಸಿಸ್ಕನ್ ಸಿಸ್ಟರ್‌ಗಳು 1878ರ ಆಗಸ್ಟ್ 1ರಂದು ಪ್ರಾರ್ಥನೆಗೆ ಕೂತರು. ಅಂದಿನಿಂದ ಹಗಲೂ ರಾತ್ರಿ, ಒಬ್ಬರು ಎದ್ದರೆ ಇನ್ನೊಬ್ಬರು ಕೂತು, 140 ವರ್ಷಕ್ಕೂ ಮೀರಿ ಒಂದು ಗಳಿಗೆಯೂ ಜಾಗ ಖಾಲಿ ಬಿಡಲಿಲ್ಲ. ಸಿಸ್ಟರ್‌ಗಳಿಗೆ ವಯಸ್ಸಾಗಿ ಸಂಖ್ಯೆಯೂ ಕಡಿಮೆಯಾಗಿ, 2020ರಿಂದ ರಾತ್ರಿಯ ಪಾಳಿ ನಿಲ್ಲಿಸಿದ್ದಾರೆ. ಇದನ್ನು ಹೇಳಿದಾಗ ಅಮ್ಮ, "ನಂದಾದೀಪ ಅನ್ನು" ಎಂದರು. ನನಗೆ ಅದಕ್ಕಿಂತ ಒಳ್ಳೆಯ ಪದ ಸಿಕ್ಕಿಲ್ಲ. ನೋಡಲು ಮೊದಲೇ ಫೋನ್ ಮಾಡಿ ಸಮಯ ಕೇಳಿಕೊಳ್ಳಬೇಕು. ಒಳಗೆ ಮಾತು ಬೇಡ, ಫೋಟೋಗೂ ಕೇಳಿಯೇ ಮುಂದುವರಿಯಿರಿ.

ಹೊತ್ತು ಇಳಿಯುವ ಮುಂಚೆ, 3:30ರ ಹೊತ್ತಿಗೆ, ಗ್ರ್ಯಾಂಡ್‌ಡ್ಯಾಡ್ ಬ್ಲಫ್ ಹತ್ತಿ. ನಮ್ಮ ಮನೆಯಲ್ಲಿ ಇದು "ಅಜ್ಜನ ಗುಡ್ಡ". ಊರಿನಿಂದ ಹೆಚ್ಚುಕಡಿಮೆ 600 ಅಡಿ ಎತ್ತರ, ತುದಿಯ ತನಕ ಕಾರು ಹೋಗುತ್ತದೆ. ವಿಸ್ಕಾನ್ಸಿನ್, ಮಿನೆಸೋಟ, ಅಯೋವಾ, ಮೂರು ರಾಜ್ಯಗಳ ನೆಲ ಒಂದೇ ನೋಟಕ್ಕೆ ಸಿಗುತ್ತದೆ. ಮಿಡ್‌ವೆಸ್ಟ್ ಎಂದರೆ ಹಪ್ಪಳದಂತೆ ಚಪ್ಪಟೆ ಎಂದುಕೊಂಡವರಿಗೆ ಈ ಕಡಿದಾದ ಗುಡ್ಡಗಳು ಅಚ್ಚರಿ. ಸುತ್ತಲಿನ ನೆಲವನ್ನೆಲ್ಲ ಉಜ್ಜಿ ಸಮ ಮಾಡಿದ ಹಿಮನದಿಗಳು ಈ ಒಂದು ತುಣುಕನ್ನು ಬಿಟ್ಟುಹೋದವು. ಆಮೇಲೆ ಹೊಳೆಗಳು ಕೊರೆದು ಮಾಡಿದ ಕಣಿವೆಗಳು ಇವು. ಗುಡ್ಡವನ್ನು ಕಲ್ಲುಗಣಿಯವರ ಪಾಲಾಗಲು ಬಿಡದೆ ಊರಿನ ಹಿಕ್ಸನ್ ಕುಟುಂಬದವರು ಕೊಂಡು, 1912ರಲ್ಲಿ ಊರಿಗೆ ಬಿಟ್ಟುಕೊಟ್ಟರು. ಮಂಜು ಬಿದ್ದ ದಿನ ತಿರುವಿನ ರಸ್ತೆ ಜಾರುತ್ತದೆ. ಸಂದೇಹವಿದ್ದರೆ ಹತ್ತಬೇಡಿ, ಕೆಳಗಿನ ಪಾರ್ಕಿನಲ್ಲೂ ಸೂರ್ಯ ಮುಳುಗುತ್ತಾನೆ.

ಹಂತ 6: ಸಂಜೆ, ಪಾರ್ಕಿನೊಳಗೆ

4:45ಕ್ಕೆ ಡೌನ್‌ಟೌನ್‌ನ ಯಾವುದಾದರೂ ಪಾರ್ಕಿಂಗ್ ಕಟ್ಟಡದಲ್ಲಿ ಕಾರು ಬಿಟ್ಟು ಸ್ಟೇಟ್ ಸ್ಟ್ರೀಟ್ ಹಿಡಿದು ನದಿಯ ಕಡೆ ನಡೆಯಿರಿ. ಡಬ್ಬಿ ಚೀಲ ಮರೆತಿಲ್ಲ ತಾನೆ?

ಮೊದಲು ನಡಿಗೆ, ಆಮೇಲೆ ಕಾರು. ಈ ಕ್ರಮ ತಿರುಗಿಸಬೇಡಿ. ಮೊದಲು ಬೆಚ್ಚಗೆ ಕಾರಿನಲ್ಲಿ ಸುತ್ತಿದವರು ಮತ್ತೆ ಇಳಿಯುವುದಿಲ್ಲ, ಇದು ಆರು ವರ್ಷ ನೋಡಿ ಹೇಳುವ ಮಾತು. ನಡೆದು ದಣಿದ ಮೇಲೆ ಕಾರಿನ ಸುತ್ತು ವಿಶ್ರಾಂತಿಯಾಗುತ್ತದೆ. ಗಾಡಿಗಳ ದಾರಿ ಬೇರೆ, ನಡೆಯುವವರ ದಾರಿ ಬೇರೆಯಾದರೂ ಅಡ್ಡ ಹಾಯುವ ಕಡೆ ಮಕ್ಕಳ ಕೈ ಹಿಡಿದುಕೊಳ್ಳಿ. ಚಾಲಕರ ಕಣ್ಣೂ ದೀಪದ ಮೇಲೆಯೇ ಇರುತ್ತದೆ.

ಒಳಗೆ ಹೋದ ಕೂಡಲೇ ಜನ ಗುಂಪಾಗಿ ಮರಗಳ ನಡುವಿನ ದಾರಿ ಹಿಡಿಯುತ್ತಾರೆ. ನೀವು ಮೊದಲು ನದಿಯಂಚಿಗೆ ಹೋಗಿ. ಗಾಳಿ ಅಲ್ಲಿಯೇ ಹೆಚ್ಚು, ಹಾಗಾಗಿ ಮೈಯಲ್ಲಿ ಬಿಸಿಯಿರುವಾಗಲೇ ಅದನ್ನು ಮುಗಿಸಬೇಕು. ಪಶ್ಚಿಮದ ಆಕಾಶದಲ್ಲಿ ಇನ್ನೂ ಸ್ವಲ್ಪ ನೀಲಿ ಉಳಿದಿರುತ್ತದೆ, ಕೆಳಗೆ ಕಪ್ಪು ನೀರು, ದೂರದಲ್ಲಿ ಮಿನೆಸೋಟ ಕಡೆಗೆ ಹೋಗುವ ನೀಲಿ ಸೇತುವೆಗಳು. ದೀಪದ ಬಣ್ಣ ನೀರಿಗೆ ಬಿದ್ದು ಅಲೆಯುವುದು ಕಾರಿನಲ್ಲಿ ಕೂತವರಿಗೆ ಕಾಣುವುದಿಲ್ಲ.

ಅಲ್ಲಿಂದ ಗಾಳಿಗೆ ಬೆನ್ನು ಕೊಟ್ಟು ಒಳಗೆ ಬನ್ನಿ. ಕಾಂಡದಿಂದ ಕೊಂಬೆಯ ತುದಿಯ ತನಕ ದೀಪ ಸುತ್ತಿಸಿಕೊಂಡ ಮರಗಳು, ದೀಪದಲ್ಲಿ ಮೂಡಿದ ಬೊಂಬೆಗಳು, ಹಾಡುವ ಶಾಲೆ-ಚರ್ಚುಗಳ ತಂಡಗಳು, ಕುದುರೆ ಗಾಡಿ, ಸಾಂಟಾ ಎದುರಿನ ಸಾಲು. ಮಕ್ಕಳಿದ್ದರೆ ಸಾಂಟಾನ ಸಾಲನ್ನು ಮೊದಲು ಮುಗಿಸಿ, 6:30ರ ಮೇಲೆ ಅದು ಬೆಳೆಯುತ್ತಲೇ ಹೋಗುತ್ತದೆ. ಇವುಗಳಲ್ಲಿ ಯಾವುದು ಯಾವ ದಿನ ಇರುತ್ತದೆ ಎಂಬುದನ್ನು ಆ ವರ್ಷದ ಪಟ್ಟಿಯಲ್ಲಿ ನೋಡಿಕೊಂಡು ಹೋಗಿ. ಈ ತಂತಿಗಳನ್ನೆಲ್ಲ ಎಳೆದು ಕಟ್ಟಿದವರು ಊರಿನ ಸಾವಿರಾರು ಸ್ವಯಂಸೇವಕರು ಎಂಬುದನ್ನು ತಿಳಿದು ನೋಡಿದರೆ ಕೆಲವು ಬೊಂಬೆಗಳ ಒರಟುತನವೂ ಇಷ್ಟವಾಗುತ್ತದೆ. "ಮೈಸೂರು ಅರಮನೆ ದೀಪದ ಮುಂದೆ ಇದೇನು" ಎಂದು ಶುರುಮಾಡಿದ್ದ ನನ್ನ ಅಪ್ಪ ಅರ್ಧ ಗಂಟೆಯ ಮೇಲೆ ಒಂದು ಮರದ ಕೆಳಗೆ ನಿಂತು, ತುದಿಯ ಕೊಂಬೆಗೆ ಏಣಿಯಿಲ್ಲದೆ ಹೇಗೆ ಸುತ್ತಿದರು ಎಂಬ ಯೋಚನೆಗೆ ಬಿದ್ದಿದ್ದರು.

ನಲವತ್ತು ನಿಮಿಷಕ್ಕೊಮ್ಮೆ ಬೆಚ್ಚಗಿನ ಜಾಗಕ್ಕೆ ಬನ್ನಿ. ಕೈ ನೋಯುತ್ತಿದ್ದರೆ ಪರವಾಗಿಲ್ಲ. ನೋವು ನಿಂತು ಮರಗಟ್ಟಿ ಬೆಳ್ಳಗಾದರೆ ಅಲ್ಲಿಗೆ ನಡಿಗೆ ಸಾಕು. ಫ್ಲಾಸ್ಕಿನಲ್ಲಿ ಮನೆಯಿಂದಲೇ ಶುಂಠಿ ಕಷಾಯ ಒಯ್ಯಿರಿ. ಹಾಟ್ ಚಾಕೊಲೆಟ್ ಕೊಂಡರೆ, ಮೇಲೆ ತೇಲಿಸುವ ಮಾರ್ಷ್‌ಮ್ಯಾಲೋದಲ್ಲಿ ಜೆಲಟಿನ್ ಇರುತ್ತದೆ, ಮಾಂಸಾಹಾರ ಮುಟ್ಟದವರು ಬೇಡ ಎಂದು ಮೊದಲೇ ಹೇಳಿ.

ಹಂತ 7: ಫೋಟೋ

ಚೆನ್ನಾಗಿ ಬರುವುದು ಸಂಜೆ 5ರಿಂದ 5:15ರ ತನಕ, ಆಕಾಶ ಪೂರ್ತಿ ಕಪ್ಪಾಗುವ ಮೊದಲು. ಪರದೆಯ ಮೇಲೆ ಅತಿ ಹೊಳೆಯುವ ದೀಪದ ಮೇಲೆ ಬೆರಳೊತ್ತಿ ಹಿಡಿದು, ಬೆಳಕನ್ನು ಸ್ವಲ್ಪ ಇಳಿಸಿ. ಇಲ್ಲದಿದ್ದರೆ ದೀಪವೆಲ್ಲ ಬಿಳಿ ಚುಕ್ಕೆ. ಫ್ಲ್ಯಾಶ್ ಆರಿಸಿ. ಫೋನನ್ನು ಒಳಜೇಬಿನಲ್ಲಿಡಿ, ಚಳಿಗೆ ಅದು 40 ಶೇಕಡ ಚಾರ್ಜ್ ಇದ್ದರೂ ಕಣ್ಣು ಮುಚ್ಚಬಹುದು.

ಹಂತ 8: ಊಟ

ಪಾರ್ಕಿನಿಂದ ಹತ್ತಿರದ ಪರ್ಲ್ ಸ್ಟ್ರೀಟ್ ಹಳೆಯ ಇಟ್ಟಿಗೆ ಕಟ್ಟಡಗಳ ಬೀದಿ. ವಿಸ್ಕಾನ್ಸಿನ್‌ಗೆ ಬಂದ ಮೇಲೆ ಚೀಸ್ ಕರ್ಡ್ ತಿನ್ನಲೇಬೇಕು. ಹೆಸರು ಕರ್ಡ್ ಆದರೂ ಮೊಸರಲ್ಲ, ಹೊಸ ಚೀಸಿನ ತುಂಡು. ಅಂದಿನದೇ ಆದರೆ ಹಲ್ಲಿಗೆ ಸಿಕ್ಕಾಗ ಕೀಚ್ ಎನ್ನುತ್ತದೆ. ಹೋಟೆಲಿನಲ್ಲಿ ಸಿಗುವುದು ಹಿಟ್ಟಿನಲ್ಲಿ ಅದ್ದಿ ಕರಿದದ್ದು, ನಮ್ಮ ಬಜ್ಜಿಯ ನೆಂಟ. ಕೆಲವು ಚೀಸ್‌ಗೆ ಹಾಲು ಗಟ್ಟಿಯಾಗಲೆಂದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕುತ್ತಾರೆ, ಕಟ್ಟುನಿಟ್ಟಿನವರು ಕೇಳಿ ತಿನ್ನಿ. ಚಳಿಯೆಂದು ಐಸ್‌ಕ್ರೀಂ ಬಿಡುವವರು ಈ ಊರಿನವರಲ್ಲ, ಪರ್ಲ್ ಎಂಬ ಐಸ್‌ಕ್ರೀಂ ಅಂಗಡಿಯಲ್ಲಿ ಡಿಸೆಂಬರ್‌ನಲ್ಲೂ ಜನ. ಹಿರಿಯರಿಗೆ ಮಾತ್ರ ಪುಳಿಯೋಗರೆಯೋ ಚಪಾತಿಯೋ ಕಟ್ಟಿಕೊಂಡು ಹೋಗಿ, ಹೋಟೆಲ್ ರೂಮಿನ ಮೈಕ್ರೋವೇವ್ ಸಾಕಾಗುತ್ತದೆ.

ಹಂತ 9: ಮರುದಿನ ಬೆಳಿಗ್ಗೆ, ಹದ್ದು

ರಾತ್ರಿ ತಂಗಿದವರಿಗೆ ಇದು ಲಾಭ. ನದಿ ಹೆಪ್ಪುಗಟ್ಟತೊಡಗಿದಾಗ ಅಣೆಕಟ್ಟಿನ ಕೆಳಗೆ ನೀರು ಧುಮುಕುವ ಜಾಗ ಮಾತ್ರ ತೆರೆದಿರುತ್ತದೆ. ಮೀನಿಗಾಗಿ ಬಿಳಿತಲೆಯ ಹದ್ದುಗಳು ಅಲ್ಲಿಗೆ ಬರುತ್ತವೆ. ಹತ್ತಿರದ್ದು ಮಿನೆಸೋಟ ದಡದ ಡ್ರೆಸ್‌ಬ್ಯಾಕ್ ಬಳಿಯ ಲಾಕ್ ಅಂಡ್ ಡ್ಯಾಂ 7, ಐ-90 ಹೆದ್ದಾರಿಯ ಪಕ್ಕದಲ್ಲೇ. ಎಲೆಯುದುರಿದ ಮರಗಳಲ್ಲಿ ನೀರಿನ ಕಡೆ ಚಾಚಿದ ಕೊಂಬೆಗಳನ್ನು ದುರ್ಬೀನಿನಲ್ಲಿ ನಿಧಾನವಾಗಿ ನೋಡುತ್ತ ಹೋಗಿ. ಬಿಳಿಯ ಚೆಂಡೊಂದು ಮರದಲ್ಲಿ ಸಿಕ್ಕಿಕೊಂಡಂತೆ ಕಂಡರೆ ಅದೇ. ತಲೆ ಕಂದಾಗಿದ್ದರೆ ಅದು ಇನ್ನೂ ಮರಿ, ನಾಲ್ಕೈದು ವರ್ಷವಾಗದೆ ತಲೆ ಬೆಳ್ಳಗಾಗುವುದಿಲ್ಲ.

ಥ್ಯಾಂಕ್ಸ್‌ಗಿವಿಂಗ್ ವಾರದಲ್ಲೇ ಬಂದಿದ್ದು, ನೀರು ಇನ್ನೂ ಹೆಪ್ಪುಗಟ್ಟಿರದಿದ್ದರೆ, ಹದ್ದಿಗೆ ಬದಲು ದಕ್ಷಿಣಕ್ಕೆ ಬ್ರೌನ್ಸ್‌ವಿಲ್ ಎಂಬ ಹಳ್ಳಿಯ ಕಡೆ ಹೋಗಿ. ಹೆದ್ದಾರಿ 26ರ ಬದಿಯ ವೀಕ್ಷಣೆಯ ಜಾಗದಿಂದ ಸಾವಿರಗಟ್ಟಲೆ ಟಂಡ್ರಾ ಹಂಸಗಳು ಕಾಣುತ್ತವೆ. ಕಾಣುವ ಮೊದಲೇ ಗದ್ದಲ ಕೇಳುತ್ತದೆ. ನೀರು ಹೆಪ್ಪುಗಟ್ಟಿತೆಂದರೆ ಅವು ಪೂರ್ವ ಕರಾವಳಿಯ ಕಡೆ ಹೊರಟುಬಿಡುತ್ತವೆ.

ಮನೆ ಮುಟ್ಟಿದ ಮೇಲೆ ಒಂದು ಕೆಲಸ: ಕಾರನ್ನು ಅಡಿಭಾಗಕ್ಕೂ ನೀರು ಹಾಯಿಸುವ ಕಾರ್ ವಾಷ್‌ಗೆ ಒಯ್ಯಿರಿ. ರಸ್ತೆಗೆ ಎರಚಿದ ಉಪ್ಪು ಚಾಸಿಗೆ ಮೆತ್ತಿಕೊಂಡಿರುತ್ತದೆ, ಬಿಟ್ಟರೆ ತುಕ್ಕು.